ಎಲೆ ಹಸಿರಿರುವಾಗಲೇ

ಜುಲೈ ತಿಂಗಳ ಮಂಜು ಕದಲಿರಲಿಲ್ಲ. ಪ್ರಿನ್ಸ್ ಎಡ್ವರ್ಡ್ ದ್ವೀಪದ ಆಲೂಗಡ್ಡೆ ಹೊಲಗಳಲ್ಲಿ ಇಂಥ ಹವೆ ಹಿಡಿಯಿತೆಂದರೆ ಎಲ್ಲರಿಗೂ ಒಂದೇ ಭಯ, ಎಲೆಗೆ ಚುಕ್ಕೆ ಬಿದ್ದು ಬೆಳೆಯೇ ಕೊಳೆಯುವ ಅಂಗಮಾರಿ ರೋಗ. ಪಕ್ಕದ ಹೊಲದ ಕೊಲೆಟ್ ಬೆಳಿಗ್ಗೆಯೇ ಯೂನಿಸ್‌ಳ ಅಡುಗೆಮನೆಗೆ ಬಂದಳು. ಒರೆಸಿದ ನೆಲವನ್ನು ಕಿಟಕಿಯಿಂದಲೇ ನೋಡಿ ಬೂಟುಗಳನ್ನು ಹೊರಗೇ ಬಿಟ್ಟಿದ್ದಳು.

"ನದಿಯಾಚೆ ರೋಗ ಕಾಣಿಸ್ಕೊಂಡಿದೆ, ಹೆಕ್ಟರ್. ಇವತ್ತೇ ಶಿಲೀಂಧ್ರನಾಶಕ ಹೊಡೀರಿ."

ಯೂನಿಸ್‌ಳ ಗಂಡ ಹೆಕ್ಟರ್ ಚಹಾದಿಂದ ತಲೆ ಎತ್ತಲಿಲ್ಲ. "ನನ್ನ ಗಿಡ ಚೆನ್ನಾಗೇ ಇವೆ. ಗಟ್ಟಿಮುಟ್ಟಾಗಿರೋನಿಗೆ ಯಾರಾದ್ರೂ ಔಷಧಿ ಕುಡಿಸ್ತಾರಾ?"

"ಇದು ಕುಡಿಸೋ ಔಷಧಿ ಅಲ್ಲ, ಹೊದಿಸೋ ಕೋಟು. ಹಲವು ರೋಗಗಳನ್ನ ಹೊರಗೇ ತಡೆಯುತ್ತೆ. ರೋಗ ಎಲೆ ಒಳಗೆ ಹೊಕ್ಕ ಮೇಲೆ ಇದ್ರಿಂದ ಏನೂ ಆಗಲ್ಲ. ನೆನೆದ ಮೇಲೆ ಕೋಟು ಹಾಕ್ಕೊಂಡ್ರೆ ಏನು ಬಂತು?"

"ಮೊದಲು ನಿನ್ನ ಬಾಯಿಗೆ ಹಾಕ್ಬೇಕು, ಕೋಟು."

ಯೂನಿಸ್‌ಗೆ ನಗು ಬಂದರೂ ಕಣ್ಣು ಹಿತ್ತಲಿನ ಕಡೆಗೇ ಇತ್ತು. ಅಲ್ಲಿನ ಆಲೂಗಡ್ಡೆ ಸಾಲುಗಳು ಮಾವ ಉಳಿಸಿಕೊಂಡು ಬಂದ ತಳಿ. ಬೇರೆಲ್ಲೂ ಇಲ್ಲ. ಈ ವರ್ಷ ಹೋದರೆ ಹೋಯಿತು.

"ನಾನು ಮದುವೆಯಾಗಿ ಬಂದ ಬೇಸಿಗೆ ನೆನಪಿದೆಯಾ?" ಎಂದಳು. "ಗಾಡಿ ಮೇಲೆ ಪೀಪಾಯಿ, ಮೈಲುತುತ್ತ, ಸುಣ್ಣ. ಒಂದೆಲೆಯಲ್ಲೂ ರೋಗದ ಚುಕ್ಕೆ ಇರ್ಲಿಲ್ಲ. ಆದ್ರೂ ಮಾವ ಅದನ್ನ ಕಲಸಿ ಹೊಡೆದು ಸಂಜೆಯೊಳಗೆ ಹೊಲಾನೆಲ್ಲ ನೀಲಿ ಮಾಡಿದ್ರು. ಕುದುರೆ ಹಿಡಿದೋನು ನೀನೇ."

ಹೆಕ್ಟರ್ ಚಹಾದ ಲೋಟ ಕೆಳಗಿಟ್ಟ. "ಆ ಕುದುರೆಯ ಮೂಗೂ ನೀಲಿ ಆಗಿತ್ತು," ಎಂದ. "ಸರಿ, ಹೊಡೀತೀನಿ. ಅಪ್ಪನ ಹಾಗೆ ಬರಿಗೈಯಲ್ಲೇ ಅಳೆದು."

"ಆ ಕೈ ನಾನು ನೋಡಿದ್ದೀನಿ. ಮೈಲುತುತ್ತ ತಾಗಿ ಬಿರಿದು ಬಿರಿದು, ಚರ್ಚ್‌ಗೆ ಹೊರಟಾಗ ಅಂಗಿ ಗುಂಡಿ ಹಾಕೋಕೂ ಆಗ್ತಿರ್ಲಿಲ್ಲ. ಅತ್ತೆನೇ ಹಾಕಿಕೊಡ್ತಿದ್ರು. ನನಗೆ ಆ ಕೆಲಸ ಬೇಡ," ಎಂದಳು ಯೂನಿಸ್.

ಕೊಲೆಟ್ ಆಗಲೇ ತಾನು ತಂದಿದ್ದ ಶಿಲೀಂಧ್ರನಾಶಕದ ಡಬ್ಬಿ, ಕೈಗವಸು, ಮುಖಗವಸು, ಅಳತೆಯ ಲೋಟ ಮೇಜಿನ ಮೇಲಿಟ್ಟಿದ್ದಳು. "ಡಬ್ಬಿ ಮೇಲೆ ಬರೆದಷ್ಟೇ ಹಾಕಿ. ಮಂಜು ಸರಿದು ಎಲೆ ಆರಲಿ, ಗಾಳಿ ನಿಲ್ಲಲಿ. ಎಲೆಯ ಅಡಿಗೂ ತಾಗಬೇಕು. ಬಾವಿ ಹತ್ರ ಬೇಡ. ಮತ್ತೆ ಯಾವಾಗ ಹೊಡೀಬೇಕು, ಎಷ್ಟು ದಿನ ಬಿಟ್ಟು ಗಡ್ಡೆ ಅಗೀಬೇಕು, ಎಲ್ಲಾ ಅದರಲ್ಲೇ ಇದೆ."

"ಇಷ್ಟೆಲ್ಲ ವೇಷ ಹಾಕಿದ್ರೆ ಕಾಗೆ ಹೆದರುತ್ತೆ."

"ವೇಷ ಇಲ್ದೇನೂ ಹೆದರ್ತಿದ್ವು ಬಿಡಿ," ಎಂದಳು ಕೊಲೆಟ್.

ಆಗಸ್ಟ್‌ನಲ್ಲಿ ನದಿಯಾಚೆಯ ಹೊಲಗಳು ಕಪ್ಪಾಗಿ ನಾರಿದವು. ಹಿತ್ತಲಿನ ಸಾಲುಗಳು ಹಸಿರಾಗಿಯೇ ಉಳಿದವು. ಗಡ್ಡೆ ಅಗೆದ ದಿನ ಹೆಕ್ಟರ್ ಒಳ್ಳೆಯವನ್ನೇ ಆರಿಸಿ ಒಂದು ಬುಟ್ಟಿ ತುಂಬಿಸಿ ಕೊಲೆಟ್‌ಳ ಬಾಗಿಲಿಗೆ ಹೊತ್ತೊಯ್ದ.

"ತಿನ್ನೋಕಲ್ಲ, ಬಿತ್ತೋಕೆ. ಅಪ್ಪನ ತಳಿ ಒಂದೇ ಮನೇಲಿದ್ರೆ ಒಂದಿನ ಹೋಗ್ಬಿಡುತ್ತೆ. ನಿನ್ನ ಹೊಲದಲ್ಲೂ ಇರ್ಲಿ."

ನಿಮ್ಮ ಹೊಲದಲ್ಲಿಯೂ ಹಿರಿಯರು ಜೋಪಾನ ಮಾಡಿಕೊಟ್ಟ ಬೀಜವಿರಬಹುದು. ಚುಕ್ಕೆ ಬೀಳುವವರೆಗೆ ಕಾಯಬೇಡಿ. ಯಾವ ಬೆಳೆಗೆ ಯಾವ ಶಿಲೀಂಧ್ರನಾಶಕ ಎಂದು ಕೃಷಿ ಅಧಿಕಾರಿಯನ್ನು ಕೇಳಿ, ಡಬ್ಬಿಯ ಮೇಲಿನದನ್ನು ಓದಿ, ಓದಲಾಗದಿದ್ದರೆ ಓದಿಸಿಕೊಳ್ಳಿ. ಬೆಳೆಯಷ್ಟೇ ನಿಮ್ಮ ಕೈಗಳನ್ನೂ ಕಾಪಾಡಿಕೊಳ್ಳಿ.