ಹುಲಿಗೆಮ್ಮನಿಗೆ ರಕ್ತ ಬೇಕಾಗಿದೆ

ತಾರೀಖು ಹಾಕೂದು ಮರ್ತೆ. ನಾ ಮಾಡಿದ ತಪ್ಪು ಇಷ್ಟ. ಕೊಲಿ ಮಾಡಿಲ್ಲ, ಕಳ್ಳತನ ಮಾಡಿಲ್ಲ, ಯಾರ ಮನಿಗೂ ಬೆಂಕಿ ಹಚ್ಚಿಲ್ಲ. ಒಂದು ಪೋಸ್ಟಿಗೆ ತಾರೀಖು ಹಾಕಲಿಲ್ಲ. ಮೂರು ವರ್ಷ ಆತು, ಆ ಒಂದು ತಪ್ಪು ನನ್ನ ಜೀವಾ ತಿನ್ನಾಕತ್ತೈತಿ.

ನನ್ನ ಹೆಸರು ಭವಾನಿ. ಗಂಗಾವತಿಯಾಗ ನಮ್ಮದೊಂದು ಸಣ್ಣ ಸಂಸ್ಥೆ ಐತಿ, ಆಸರೆ ರಕ್ತದಾನಿ ಬಳಗ ಅಂತ. ಸಂಸ್ಥೆ ಅಂದ ಕೂಡ್ಲೆ ದೊಡ್ಡ ಬಿಲ್ಡಿಂಗ್ ಅಂತ ತಿಳ್ಕೋಬ್ಯಾಡ್ರಿ. ಟೇಲರ್ ಅಂಗಡಿ ಮ್ಯಾಲಿನ ಒಂದು ಖೋಲಿ, ಎರಡು ಕುರ್ಚಿ, ತಿರುಗಿದ್ರೂ ಗಾಳಿ ಬರಲಾರದ ಒಂದು ಫ್ಯಾನು, ಮತ್ತ ನಮ್ಮ ಅಧ್ಯಕ್ಷರು ವಿರೂಪಾಕ್ಷಪ್ಪ ಸರ್. ರಿಟೈರ್ ಆದ ಹೈಸ್ಕೂಲ್ ಮಾಸ್ತರು. ಅವರಿಗೆ ಫೋನು ಅಂದ್ರ ಹಲೋ ಅನ್ನೂದು, ಇಡೂದು, ಅಷ್ಟ. ಹಂಗಾಗಿ ಫೇಸ್‌ಬುಕ್ ಪೇಜು, ವಾಟ್ಸಾಪ್ ಗ್ರೂಪು ಎಲ್ಲಾ ನನ್ನ ಕೊರಳಿಗೆ. ರಕ್ತ ಬೇಕಾದವರು ನನಗ ಫೋನ್ ಮಾಡ್ತಾರ, ನಾ ಫೋಟೋ ಹಾಕಿ, ನಂಬರ್ ಹಾಕಿ ಬಿಡ್ತೀನಿ. ಒಂದು ತಾಸಿನ್ಯಾಗ ಯಾರರ ಒಬ್ಬರು ಎದ್ದು ಬರ್ತಾರ. ನಮ್ಮ ಮಂದಿ ಭಾಳ ಛಲೋ ಅದಾರ್ರಿ. ತ್ರಾಸು ಶುರು ಆಗಿದ್ದ ಅಲ್ಲಿಂದ.

ಮೂರು ವರ್ಷದ ಹಿಂದ ಕಾರಟಗಿಯಿಂದ ಯಂಕೋಬ ಅನ್ನಾವ ಫೋನ್ ಮಾಡಿದ. ಅಕ್ಕಿ ಮಿಲ್ಲಿನ್ಯಾಗ ಹಮಾಲಿ ಮಾಡಾವ. ಒಬ್ಬಾಕಿ ಮಗಳು ಹುಲಿಗೆಮ್ಮ, ಎರಡನೇತ್ತ ಓದತಿದ್ಳು. ಡೆಂಗಿ ಜೋರಾಗಿ ಕೊಪ್ಪಳದ ದವಾಖಾನ್ಯಾಗ ಹಾಕಿದ್ರು, ಬಿ ನೆಗೆಟಿವ್ ರಕ್ತ ಬೇಕಂತ. ಸಾಲಿ ಐಡಿ ಕಾರ್ಡಿನ ಫೋಟೋ ಕಳಿಸಿದ. ಎರಡು ಜಡಿ, ಕೆಂಪು ರಿಬ್ಬನ್ನು, ಮುಂದಿನ ಹಲ್ಲೊಂದು ಬಿದ್ದಿತ್ತು. ನಾ ಗಡಿಬಿಡ್ಯಾಗ ಬರ್ದೆ: "ತುರ್ತು! ಏಳು ವರ್ಷದ ಹುಲಿಗೆಮ್ಮನಿಗೆ ಬಿ ನೆಗೆಟಿವ್ ರಕ್ತ ಬೇಕಾಗಿದೆ. ಇವತ್ತು ಸಂಜೆಯೊಳಗೆ. ದಯವಿಟ್ಟು ಎಲ್ಲರಿಗೂ ಕಳಿಸಿ." ಕೆಳಗ ಯಂಕೋಬನ ನಂಬರು. ಇವತ್ತು ಅಂದೆ, ಯಾವ ಇವತ್ತು ಅಂತ ಹೇಳಲಿಲ್ಲ.

ರಕ್ತ ಸಿಕ್ತು, ಸಿಗಲಿಲ್ಲ ಅಂತಲ್ಲ. ತಾವರಗೇರಾದಿಂದ ತಾಹೇರ ಅನ್ನಾವ ಬೈಕ್ ಮ್ಯಾಲ ಬಂದು ಕೊಟ್ಟು ಹೋದ, ಚಾ ಸುದ್ದಾ ಕುಡೀಲಿಲ್ಲ. ಕೊಪ್ಪಳದಾಗ ಇನ್ನೊಬ್ಬರು ಸಿಕ್ರು. ಡಾಕ್ಟರು ಮಾಡೂದೆಲ್ಲಾ ಮಾಡಿದ್ರು. ಮೂರನೇ ದಿನ ಹುಡುಗಿ ಹೋತು. ಯಾರ ಮ್ಯಾಲ ಸಿಟ್ಟಾಗೂಣು ಹೇಳ್ರಿ?

ಸುದ್ದಿ ಗೊತ್ತಾದ ಕೂಡ್ಲೆ ನಾ ಪೋಸ್ಟು ತಗದೆ. ತಗದ್ರ ಏನಾತು? ಅಷ್ಟೊತ್ತಿಗೆ ಅದು ಎಷ್ಟು ಗ್ರೂಪಿಗೆ ಹೋಗಿತ್ತೋ ಆ ದೇವರಿಗೇ ಗೊತ್ತು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಿದ್ರು ಹಿರ್ಯಾರು. ಈಗ ಹೋಗೂದ ಇಲ್ಲ ನೋಡ್ರಿ, ತಿರುಗಿ ತಿರುಗಿ ಮನೀಗೇ ಬರ್ತೈತಿ. ನಾಕು ತಿಂಗಳು ಸುಮ್ಮನಿರ್ತೈತಿ, ಎಲ್ಲೋ ಒಬ್ಬ ಪುಣ್ಯಾತ್ಮ ಮತ್ತ ಶೇರ್ ಮಾಡ್ತಾನ. ಬೆಳಗಾವಿಯಿಂದ ಫೋನು, ಹೈದರಾಬಾದಿನಿಂದ ಫೋನು, ಒಮ್ಮೆ ದುಬೈಯಿಂದ ಫೋನು. ಯಾರೋ ಕೆಳಗ ಎರಡು ಕೈ ಮುಗಿದ ಚಿತ್ರ ಹಚ್ಚಿದ್ರು. ಇನ್ಯಾರೋ "ತಾಯಿ ಹಾಲು ಕುಡಿದಿದ್ದರೆ ಶೇರ್ ಮಾಡಿ" ಅಂತ ಸೇರಿಸಿದ್ರು. ಅವರ ಕೈ ಮುರದು ಹೋಗಲಿ ಅಂತ ಬೈದೆ. ಬೈದು ಏನ್ ಮಾಡ್ಲಿ, ನಮ್ಮ ಮನಿ ಗ್ರೂಪಿಗೇ ಬಂತು! ಯಲಬುರ್ಗಾದ ನನ್ನ ಮೈದುನ ಗುರುಬಸವ ಕಳಿಸಿದ್ದ.

"ಏ ಮಾರಾಯಾ, ಆ ಹುಡುಗಿ ಇಲ್ಲೋ, ತಗಿಯೋ ಅದನ್ನ" ಅಂದೆ.

"ವೈನಿ, ಒಂದು ಶೇರ್ ಮಾಡಿದ್ರ ನಮ್ಮ ಗಂಟೇನ್ ಹೊಕ್ಕೈತಿ? ಪುಣ್ಯದ ಕೆಲಸ" ಅಂದ. ನಾ ಬರ್ದಿದ್ದನ್ನ ನನಗ ಪುಣ್ಯ ಅಂತ ಹೇಳಾಕ ಬಂದಿದ್ದ ಅಂವ.

ನಾ ಸುಮ್ಮನ ಕೂತಿಲ್ಲ. "ಈ ಸುದ್ದಿ ಹಳೆಯದು, ದಯವಿಟ್ಟು ಕಳಿಸಬೇಡಿ" ಅಂತ ನಮ್ಮ ಪೇಜಿನ್ಯಾಗ ಹಾಕಿದೆ. ಮೊದಲಿಂದು ಸಾವಿರಾರು ಮಂದಿ ಹಂಚಿದ್ರು, ಇದನ್ನ ಹಂಚಿದವರು ಹನ್ನೊಂದು ಮಂದಿ. ಅದರಾಗ ಒಬ್ಬಾಕಿ ನಾನ. ಪರಿಚಯದ ಪೊಲೀಸರನ್ನ ಕೇಳಿದೆ. "ಯಾರ ಮ್ಯಾಲ ಕಂಪ್ಲೇಂಟ್ ಬರ್ಕೋಳ್ಲಿ ಮೇಡಂ? ಎಲ್ಲಾರೂ ಒಳ್ಳೇದಕ್ಕ ಮಾಡ್ಯಾರ" ಅಂದ್ರು. ಅವರು ಹೇಳಿದ್ದೂ ಖರೇನ ಇತ್ತು.

ಈ ಸಲ ಮಳಿಗಾಲ ಶುರು ಆದ ಮ್ಯಾಲ ಆ ಹಳೇ ಪೋಸ್ಟು ಮತ್ತ ಎದ್ದಿತು. ಯಂಕೋಬ ಒಂದಿನ ನಮ್ಮ ಆಫೀಸಿನ ಮೆಟ್ಟಲಾ ಹತ್ತಿ ಬಂದು ಬಾಗಲದಾಗ ನಿಂತ. ಒಳಗ ಬರ್ರಿ ಅಂದ್ರೂ ಬರಲಿಲ್ಲ.

"ಅಕ್ಕಾರ, ದಿನಕ್ಕ ಇಪ್ಪತ್ತು ಮೂವತ್ತು ಫೋನ್ ಬರಾಕತ್ತಾವ್ರಿ. ನನಗ ಎತ್ತಾಕ ಆಗಂಗಿಲ್ಲ, ಮನ್ಯಾಗ ಬಿಟ್ಟು ಮಿಲ್ಲಿಗೆ ಓಡಿ ಹೊಕ್ಕೀನಿ. ನನ್ನ ಹೇಣ್ತಿ ಎತ್ತತಾಳ. ಒಂದೊಂದು ಫೋನಿಗೂ ಒಂದೊಂದು ಸಲ ಸಾಯ್ತಾಳೇನೋ. ಈ ನಂಬರ್ ಕಳಚಿ ಕೊಡ್ರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ."

ಅಯ್ಯೋ ಶಿವನ, ಅವನ್ಯಾಕ ನನ್ನ ಕಾಲಿಗೆ ಬೀಳಬೇಕು? ನಾ ಅಂವನ ಕಾಲಿಗೆ ಬೀಳಬೇಕು. ಆ ಮನ್ಯಾಗ ಒಂದೀಟು ಶಾಂತಿ ಮಾಡಿ ಕೊಡದಿದ್ರ ನಾ ಮನಷ್ಯಾಳ ಅಲ್ಲ ಅಂತ ಅವತ್ತ ಆಣಿ ಮಾಡಿದೆ.

ನಂಬರ್ ಬದಲಿ ಮಾಡೂದು ಸಸಾರ ಅಂತ ತಿಳ್ಕೊಂಡಿದ್ದೆ. ಆ ಒಂದು ನಂಬರಿಗೆ ಆಧಾರು, ರೇಷನ್ನು, ಗ್ಯಾಸು, ಬ್ಯಾಂಕು, ಎಲ್ಲಾ ಗಂಟು ಬಿದ್ದಿದ್ವು. ಯಂಕೋಬನ್ನ ಕರ್ಕೊಂಡು ಆ ಆಫೀಸು ಈ ಆಫೀಸು ಅಡ್ಡ್ಯಾಡಿದೆ. ಸರ್ವರ್ ಇಲ್ಲ, ನಾಳಿ ಬರ್ರಿ. ಬೆರಳು ಹತ್ತವಲ್ದು, ನಾಡಿದ್ದು ಬರ್ರಿ. ಚೀಲ ಹೊತ್ತು ಹೊತ್ತು ಸವದ ಬೆರಳು ಎಲ್ಲಿ ಹತ್ತಬೇಕು? ಒಂದು ತಿಂಗಳು ಹಿಡೀತು. ಎಲ್ಲಾ ಬಿಡಿಸಿ, ಹೊಸಾ ಸಿಮ್ಮು ತಗೊಂಡು, ಹೋದ ಮಂಗಳವಾರ ಕಾರಟಗಿ ಬಸ್ ಹತ್ತಿದೆ. ಯಂಕೋಬ ಮಿಲ್ಲಿನ್ಯಾಗ ಇರ್ತೀನಿ, ಉಣ್ಣಾಕ ಬರ್ತೀನಿ, ಅಷ್ಟೊತ್ತಿಗೆ ಮನ್ಯಾಗಿನ ಫೋನಿಗೆ ಸಿಮ್ಮು ಹಾಕಿ ಬಿಡ್ರಿ ಅಂದಿದ್ದ. ಬಸ್ಸಿನ್ಯಾಗ ಕೂತಾಗ ಮೂರು ವರ್ಷದಾಗ ಮೊದಲನೇ ಸಲ ನನ್ನ ಎದಿ ಹಗುರ ಆಗಿತ್ತು.

ಅವನ ಹೇಣ್ತಿ ಯಮನೂರಮ್ಮ ಒಲಿ ಮುಂದ ರೊಟ್ಟಿ ಬಡೀತಿದ್ಳು. ನನ್ನ ನೋಡಿ ಮಣಿ ಕೊಟ್ಟು ಕೂಡ್ಸಿದ್ಳು. ನಾ ಬಾಯಿ ತಗಿಯೂದರಾಗ ಫೋನ್ ಬಂತು. ಹಿಟ್ಟಿನ ಕೈ ಸೆರಗಿಗೆ ಒರಸಿ ಎತ್ತಿದ್ಳು. ಆಚೆ ಕಡೆ ದನಿ ನನಗೂ ಕೇಳ್ತಿತ್ತು.

"ಅಮ್ಮಾರ, ನಾ ಪ್ರವೀಣಕುಮಾರ ಅಂತ್ರಿ, ಧಾರವಾಡದಾಗ ಓದಾಕತ್ತೀನಿ. ನಂದು ಬಿ ನೆಗೆಟಿವ್ ರೀ. ಈಗ ಬಸ್ ಹತ್ಲೇನ್ರಿ?"

ಇನ್ನ ಅಳ್ತಾಳ, ಹೆಂಗ ಸಮಾಧಾನ ಮಾಡ್ಲಿ ಅಂತ ಎದ್ದ ನಿಂತೆ.

"ಬ್ಯಾಡ ತಮ್ಮಾ. ಅದು ಹಳೇ ಸುದ್ದಿ. ರಕ್ತ ಸಿಕ್ತು, ಆರಾಮ ಅದಾಳ" ಅಂದ್ಳು ಯಮನೂರಮ್ಮ.

"ಹೌದೇನ್ರಿ! ಛಲೋ ಆತು ಬಿಡ್ರಿ. ಈಗ ಹೆಂಗ ಅದಾಳ್ರಿ ಹುಲಿಗೆಮ್ಮ?"

"ಈಗ ಐದನೇತ್ತ. ಸಾಲಿಗೆ ಹೋಗ್ಯಾಳ. ಗಣಿತ ಒಂದು ತಲಿಗೆ ಹತ್ತಂಗಿಲ್ಲ ನೋಡು ಆಕಿಗೆ." ನಕ್ಕಳು. ಖರೇನ ನಕ್ಕಳು ರೀ, ಹಲ್ಲು ಕಾಣೂವಂಗ. "ನಿನ್ನ ಹೊಟ್ಟಿ ತಣ್ಣಗಿರಲಿ, ಇಡ್ತೀನಿ."

ಆಕಿ ಮತ್ತ ಹಿಟ್ಟಿಗೆ ಕೈ ಹಾಕಿದ್ಳು.

"ಮೊದಲ ಖರೇನ ಹೇಳ್ತಿದ್ದೆ ಅಕ್ಕಾರ. ಒಬ್ಬಾಕಿ ವಿಜಾಪುರದಾಕಿ ಅರ್ಧಾ ತಾಸು ಅತ್ಳು, ನಾನ ಆಕಿನ್ನ ಸಮಾಧಾನ ಮಾಡಿದೆ. ಒಬ್ಬ ಹುಡುಗ ಬೈಕ್ ತಗೊಂಡು ಕುಷ್ಟಗಿ ತನಾ ಬಂದಿದ್ದ. ರಕ್ತ ಕೊಡ್ತೀನಿ ಅಂತ ಅಷ್ಟು ದೂರ ಬಂದವರಿಗೆ ಸತ್ತಾಳ ಅಂತ ಹೆಂಗ ಹೇಳ್ಲಿ? ಆರಾಮ ಅದಾಳ ಅಂದೆ. ಬಾಯಿಂದ ಬಂತು. ಎಷ್ಟು ಖುಷಿ ಆದ ಗೊತ್ತೇನ್ರಿ ಅಂವ!" ರೊಟ್ಟಿ ಹಂಚಿಗೆ ಹಾಕಿ ನೀರು ಸವರಿದ್ಳು. "ಈ ಓಣ್ಯಾಗ ಯಾರೂ ಆಕಿ ಹೆಸರು ತಗಿಯಂಗಿಲ್ಲ, ನನಗ ಸಂಕಟ ಆಗ್ತೈತಿ ಅಂತ. ನಮ್ಮ ಮನಿಯವರು ಮೂರು ವರ್ಷದಾಗ ಒಮ್ಮೆರ ಹುಲಿಗಿ ಅಂದಿಲ್ಲ. ಗುರುತಿಲ್ಲ ಪರಿಚಯ ಇಲ್ಲ, ಎಲ್ಲೆಲ್ಲಿಯವರೋ ಹೆಸರು ಹಿಡಿದು ಕೇಳ್ತಾರ. ಅಷ್ಟ ಸಾಕ್ರಿ ನನಗ. ಅದಿರ್ಲಿ, ನೀವ್ಯಾಕ ಬಂದ್ರಿ?"

ಹೇಳಿದೆ. ಹೇಳದ ಏನ್ ಮಾಡ್ಲಿ? ಆಕಿ ರೊಟ್ಟಿ ತಿರುವೂದು ಮರ್ತು ನನ್ನ ಮಾರಿ ನೋಡಿದ್ಳು.

"ಒಂದು ಮಾತು ನನ್ನ ಕೇಳಬೇಕಿತ್ತಲ್ರಿ" ಅಂದ್ಳು.

ಖರೇ. ಒಂದು ತಿಂಗಳು ಊರೆಲ್ಲಾ ಅಡ್ಡ್ಯಾಡಿದೆ, ಆಕಿನ್ನ ಕೇಳಿರ್ಲಿಲ್ಲ. ಮೂರು ವರ್ಷದ ಹಿಂದನೂ ಕೇಳಿರ್ಲಿಲ್ಲ. ಒಳ್ಳೇದು ಮಾಡಾಕ ಹೊಂಟವರಿಗೆ ಕೇಳೂದು ಎಲ್ಲಿ ನೆನಪಿರ್ತೈತಿ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ಬ್ಯಾಡ್ರಿ ಅಕ್ಕಾರ. ಕೈ ಮುಗೀತೀನಿ, ಅದನ್ನೊಂದು ಮಾಡಬ್ಯಾಡ್ರಿ" ಅಂತ ಹಿಟ್ಟಿನ ಕೈ ಜೋಡಿಸಿದ್ಳು. ಅಷ್ಟರಾಗ ಹೊರಗ ಚಪ್ಪಲ್ ಬಿಟ್ಟ ಸಪ್ಪಳ ಆತು. ಯಂಕೋಬ ಮೈತುಂಬ ಹೊಟ್ಟು ಹತ್ತಿಸ್ಕೊಂಡು ಉಣ್ಣಾಕ ಬಂದಿದ್ದ. ಟವಲ್ ಗೂಟಕ್ಕ ಹಾಕಿ ಸಣ್ಣ ದನ್ಯಾಗ ಕೇಳಿದ.

"ಹಾಕಿದ್ರೇನ್ರಿ ಅಕ್ಕಾರ?"

ನಾ ಬಾಯಿ ಬಿಡೂದರಾಗ ಫೋನ್ ಬಡ್ಕೊಂತು. ಯಂಕೋಬ ಕಣ್ಣು ಮುಚ್ಚಿ ಗ್ವಾಡಿಗೆ ಹೊಂದಿ ನಿಂತ. ಯಮನೂರಮ್ಮ ಹಿಟ್ಟಿನ ಕೈಲೆ ಫೋನ್ ಎತ್ತಿ ನನ್ನ ಕೈಯಾಗ ತುರುಕಿದ್ಳು.

"ನೀವ ಮಾತಾಡ್ರಿ" ಅಂದ್ಳು.

ಯಾರೋ ವಯಸ್ಸಾದ ಹೆಣ್ಣುಮಗಳು. "ಯವ್ವಾ, ನನ್ನ ಮಮ್ಮಗ ಫೋನಿನ್ಯಾಗ ತೋರ್ಸಿದ. ಆ ಕೂಸು ಹೆಂಗ ಐತವಾ?"

ಈ ಕಡೆ ಗಂಡ, ಆ ಕಡೆ ಹೇಣ್ತಿ. ಇಬ್ಬರೂ ನನ್ನ ಬಾಯಿ ಕಾಯಾಕತ್ತಿದ್ರು. ಖರೇ ಹೇಳಿದ್ರ ಆಕಿ ಮಗಳು ಮತ್ತ ಸಾಯ್ತಾಳ, ಸುಳ್ಳು ಹೇಳಿದ್ರ ಅಂವನ ಸಂಕಟ ಮುಗಿಯೂದ ಇಲ್ಲ. ಸತ್ತಾಳ ಅನ್ನೂದು ಯಾರ ಬಾಯಿಂದೂ ಬರಲಾರದ ಮಾತು, ನನ್ನ ಬಾಯಿಂದೂ ಬರಲಿಲ್ಲ.

"ಆರಾಮ ಅದಾಳಬೇ" ಅಂದೆ.

"ಹೌದಾ? ಸಾಲಿಗೆ ಹೊಕ್ಕಾಳೇನು?"

"ಹೊಕ್ಕಾಳ. ಐದನೇತ್ತ."

ಯಮನೂರಮ್ಮ ಹೊತ್ತಿದ ರೊಟ್ಟಿ ತಗದು ಇಟ್ಟು ಗಂಡಗ ಗಂಗಾಳ ಹಾಕಿದ್ಳು. ಯಂಕೋಬ ಗೂಟದ ಮ್ಯಾಲಿನ ಟವಲ್ ತಗೊಂಡು, ಉಣ್ಣದ, ಮಿಲ್ಲಿಗೆ ತಿರುಗಿ ಹೋದ.