ಹಾಶಮಿ ಮಂಜಿಲ್‌ನ ನೀಲಿ ಗೋಡೆ

ಕಲಬುರಗಿಯ ಹಾಶಮಿ ಮಂಜಿಲ್‌ಗೆ ನೂರೈವತ್ತು ವರ್ಷ ತುಂಬಿದ್ದೇ ತಡ, ಸರ್ಕಾರಕ್ಕೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಮೂರಂತಸ್ತು, ಒಂಬತ್ತು ಬಾಡಿಗೆ ಮನೆ, ಎಲ್ಲಕ್ಕೂ ಸೇರಿ ಒಂದೇ ನಲ್ಲಿ. ಆ ನಲ್ಲಿ ಕೆಟ್ಟಾಗ ಒಬ್ಬ ಪುಣ್ಯಾತ್ಮನೂ ಇತ್ತ ತಲೆ ಹಾಕಿರಲಿಲ್ಲ. ಈಗ ಬಾಗಿಲಿಗೆ ‘ಸಂರಕ್ಷಿತ ಕಟ್ಟಡ’ ಎಂಬ ಫಲಕ ಬಂತು, ಫಲಕದ ಬೆನ್ನಿಗೇ ಅಧಿಕಾರಿ ಅಣವೀರಪ್ಪ ಬಂದ.

ನಡುವಿನ ಅಂತಸ್ತಿನ ಮಸ್ತಾನಬಿಗೆ ಬೇಕಾಗಿದ್ದು ಒಂದೇ, ಭಾನುವಾರದೊಳಗೆ ಮುಂದಿನ ಕೋಣೆಗೆ ಸುಣ್ಣ. ಮೊಮ್ಮಗಳು ಅಲ್ಫಿಯಾಳನ್ನು ನೋಡಲು ಕಮಲಾಪುರದವರು ಬರುವವರಿದ್ದರು. ಹುಡುಗನ ತಾಯಿ ಇಕ್ಬಾಲ್ ಬೇಗಂ ಮನೆ ಹೊಲಸೆಂದು ಆಗಲೇ ಎರಡು ಸಂಬಂಧ ಬಿಟ್ಟವಳಂತೆ. ಅಲ್ಫಿಯಾಗೋ ಹುಡುಗ ಮನಸ್ಸಿಗೆ ಬಂದುಬಿಟ್ಟಿದ್ದ. ಅಜ್ಜಿಯ ನಿದ್ದೆ ಕೆಟ್ಟಿದ್ದು ಅದಕ್ಕೇ.

ಅಣವೀರಪ್ಪ ಚಾಕು ತೆಗೆದು ಗೋಡೆ ಕೆರೆದ. ಬಿಳಿ ಸುಣ್ಣದ ಪದರಗಳ ಕೆಳಗೆ ಗಾಢ ನೀಲಿ ಕಂಡಿತು.

“ಲಾಜವರ್ದ! ಇರಾನಿಂದ ತರಿಸಿದ ಬಣ್ಣ ಅದ ಇದು. ಯಾರೂ ಮುಟ್ಟಬ್ಯಾಡ್ರಿ!”

“ಎಲ್ಲೀ ಇರಾನ್ ರೀ ಸಾಹೇಬ್ರ? ನಮ್ಮತ್ತಿ ಜೈನಾಬಿ ಹಚ್ಚಿದ್ದದು. ಸುಣ್ಣಕ್ಕ ಚಿಟಿಕಿ ನೀಲಿ ಹಾಕೋದು ಬಿಟ್ಟು, ಕಣ್ಣು ಕಾಣಲಾರದ ಇಡೀ ಡಬ್ಬಿ ಸುರುವಿದ್ಳು. ಬಟ್ಟಿಗ ಹಾಕೋ ನೀಲಿ ರೀ! ಮೊಹಲ್ಲಾಕ್ಕ ಮೊಹಲ್ಲಾನೇ ನಕ್ಕಿತ್ತು.”

“ಅಮ್ಮಾ, ನಾ ಇದರಾಗ ಪಿಎಚ್‌ಡಿ ಮಾಡೀನಿ.”

ಪಿಎಚ್‌ಡಿಯ ಮುಂದೆ ಅತ್ತೆಯ ಡಬ್ಬಿ ನಡೆಯುತ್ತದೆಯೇ? ದಿಲ್ಲಿಯ ತಜ್ಞರು ಬಂದು ದುರಸ್ತಿ ಮಾಡುವ ತನಕ ಸುಣ್ಣ ಹಚ್ಚುವಂತಿಲ್ಲ ಎಂದು ಬರೆದುಕೊಟ್ಟು ಹೋದ. ಅವನು ಕೆರೆದ ಗೋಡೆ ಇಲಿ ಕಡಿದ ರೊಟ್ಟಿಯಂತಾಗಿತ್ತು. ಮಸ್ತಾನಬಿಗೆ ಅಳುವೂ ಬಂತು, ಸಿಟ್ಟೂ ಬಂತು. ಕಡೆಗೆ ಸಿಟ್ಟೇ ಗೆದ್ದಿತು.

ಶನಿವಾರ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುಣ್ಣದ ಬಕೀಟಿಗೆ ತಾನೂ ಇಡೀ ಡಬ್ಬಿ ಸುರುವಿದಳು. “ನೀಲಿನೇ ಬೇಕಂದ್ರ ನೀಲಿನೇ ತಗೋ!”

ಭಾನುವಾರ ಕಮಲಾಪುರದವರು ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ಅಣವೀರಪ್ಪ ಕ್ಯಾಮೆರಾ ಹಿಡಿದು ಬರಬೇಕೆ? ಅವನು ಗೋಡೆ ನೋಡಿ ಬಾಯಿ ಬಿಟ್ಟ.

“ದಿಲ್ಲಿಯವರು ಆಗಲೇ ಬಂದು ಹೋದ್ರೇನು? ನೋಡ್ರಿ, ಕೆಲಸ ಅಂದ್ರ ಇದು! ಅಸಲಿ ಲಾಜವರ್ದ!”

ಇಕ್ಬಾಲ್ ಬೇಗಂ ಎದ್ದು ಗೋಡೆಯ ಮೇಲೆ ಬೆರಳು ಎಳೆದಳು. “ಮುಟ್ಟಬ್ಯಾಡ್ರಿ!” ಎಂದು ಅಣವೀರಪ್ಪ ಚೀರಿದ. ಅವಳು ನೀಲಿಯಾದ ಬೆರಳನ್ನು ಮೂಸಿ ನೋಡಿದಳು.

“ಇಡೀ ಡಬ್ಬಿ ಸುರುವೀರೇನು, ಆಪಾ?”

ಅಲ್ಫಿಯಾ ಬಾಗಿಲ ಹಿಂದಿನಿಂದ ಇಣುಕಿದಳು. ಮಸ್ತಾನಬಿಗೆ ಸುಳ್ಳು ಬಾಯಿಗೆ ಬರಲಿಲ್ಲ. “ಹೂಂ.”

“ನನ್ನ ಮದುವಿ ವರ್ಷ ನಾನೂ ಹಿಂಗೇ ಸುರುವಿದ್ದೆ. ಅತ್ತಿ ಆರು ತಿಂಗಳು ಮಾತಾಡ್ಸಲಿಲ್ಲ!” ಇಕ್ಬಾಲ್ ಬೇಗಂ ಹೊಟ್ಟೆ ಹಿಡಿದು ನಕ್ಕಳು. ಊರಿಂದ ತಂದಿದ್ದ ಕೆಂಪು ಬಾಳೆಹಣ್ಣನ್ನು ಅದೇ ನೀಲಿ ಕೈಯಿಂದ ಅಲ್ಫಿಯಾಳಿಗೆ ಕೊಟ್ಟಳು. “ಈಕಿ ಇನ್ನ ನಮ್ಮಾಕಿ.” ಗೋಡೆಯ ಫೋಟೊ ತೆಗೆಯುವುದರಲ್ಲೇ ಮುಳುಗಿದ್ದ ಅಣವೀರಪ್ಪನ ಕಿವಿಗೆ ಇದ್ಯಾವುದೂ ಬೀಳಲಿಲ್ಲ.

ನಿಕಾಹ್ ದಿನವೇ ಸರ್ಕಾರದಿಂದ ಕಟ್ಟು ಹಾಕಿದ ಪ್ರಶಸ್ತಿಪತ್ರ ಬಂತು, ಹತ್ತೊಂಬತ್ತನೇ ಶತಮಾನದ ಬಣ್ಣವನ್ನು ಕಾಪಾಡಿಕೊಂಡು ಬಂದದ್ದಕ್ಕೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಸದರಿ ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ ಎಂದಿತ್ತು. ಮಸ್ತಾನಬಿ ಅದನ್ನು ಸುಣ್ಣದ ಬಕೀಟಿನ ಮೇಲೆ ಇಟ್ಟು ನೋಡಿದಳು. ಮುಚ್ಚಳಕ್ಕೆ ಅಳತೆ ಸರಿಹೋಯಿತು.