ನಾಲ್ಕನೇ ಏಟು

ನಿತ್ಯಾ ಡ್ರಮ್ ಬಾರಿಸಿದ್ದು ಕೇಳಿದವರದೆಲ್ಲ ಒಂದೇ ಪ್ರಶ್ನೆ: ಈ ತಾಳ ಯಾರಿಂದ ಕಲಿತೆ? ಕೊಯಮತ್ತೂರಿನಲ್ಲಿ ಪಂಕ್ ರಾಕ್ ಸಂಗೀತ ಬಾರಿಸುವ ಹುಡುಗರಿಗೆ ಲಂಡನ್ನೇ ಗುರುಮನೆ. ಯಾವುದೋ ಹಳೇ ಬ್ಯಾಂಡಿನ ಹೆಸರು ಬರುತ್ತದೆಂದು ಕಾಯುವರು. "ನೆಗಮಂನಲ್ಲಿ ಸೀರೆ ನೇಯೋ ತಂಗವೇಲು, ನಮ್ಮಪ್ಪ" ಎಂದರೆ ಬಾಯಿ ಬಿಟ್ಟುಕೊಂಡು ನೋಡುವರು. ನೋಡಲಿ ಬಿಡಿ, ಇದ್ದದ್ದು ಇದ್ದ ಹಾಗೆ ಹೇಳಲಿಕ್ಕೇನು ಭಯ!

ಅವಳ ಬ್ಯಾಂಡಿನ ಭೂಪತಿಗೆ ಗಿಟಾರಿನಲ್ಲಿ ಬರುವುದು ಮೂರೇ ಕಾರ್ಡ್, ಮೂರೇ ಸ್ವರಗುಚ್ಛ. ಅದಕ್ಕೆ ನಾಚಿಕೆಯೂ ಇಲ್ಲ ಪುಣ್ಯಾತ್ಮನಿಗೆ. ತಪ್ಪಾದರೆ ತಪ್ಪಾಗಿಯೇ ಇರಲಿ, ಒರೆಸಬಾರದು, ಇದೇ ಅವರ ವೇದ. ತಂತಿ ಹರಿದ ಸದ್ದು, ಕೆಮ್ಮು, ಬೀದಿನಾಯಿ ಬೊಗಳಿದ್ದು, ಎಲ್ಲವನ್ನೂ ಹಾಡಿನಲ್ಲೇ ಬಿಡುತ್ತಿದ್ದರು.

ಹೋದ ಬೇಸಗೆಯ ಒಂದು ಮಧ್ಯಾಹ್ನ ಅಪ್ಪನ ಮಗ್ಗದ ಸದ್ದು ನಿತ್ಯಾಳ ಕಿವಿ ಹಿಡಿಯಿತು. ಮೂರು ಏಟು ಸರಿ, ನಾಲ್ಕನೆಯದು ಮಾತ್ರ ಚೂರು ತಡ. ಮತ್ತೆ ಮತ್ತೆ ಹಾಗೇ. ಅವಳು ಕುಣಿದಾಡಿಬಿಟ್ಟಳು. "ಹಂಗೇ ನೇಯಪ್ಪಾ, ನಿಲ್ಲಿಸ್ಬೇಡ!" ಎಂದು ಫೋನನ್ನು ರೆಕಾರ್ಡಿಗೆ ಹಾಕಿ ಅಪ್ಪ ಕಾಲು ಇಳಿಬಿಟ್ಟು ಮಗ್ಗ ತುಳಿಯುವ ಗುಂಡಿಯ ಅಂಚಿಗಿಟ್ಟು, ಹಿತ್ತಿಲಲ್ಲಿ ಬಕೆಟ್ ಬೋರಲು ಹಾಕಿ ಆ ತಾಳ ಹಿಡಿಯಲು ಕೂತಳು. ಸಂಜೆ ರೆಕಾರ್ಡು ಹಾಕಿ ನೋಡಿದರೆ ಕೊನೆಯಲ್ಲಿ ಮಗ್ಗ ನಿಂತು ಏನೋ ಮಾತಿನ ಸದ್ದು. ಕೇಳುವ ವ್ಯವಧಾನವಿಲ್ಲದೆ, ಹಾಡಿಗೆ ಸೇರಿಸಿದ ಪ್ರತಿಯಿಂದ ಅಷ್ಟನ್ನು ಕತ್ತರಿಸಿದಳು. ಅವರ ಹಾಡಿನಲ್ಲಿ ಒರೆಸಿದ್ದು ಅದೊಂದೇ.

ಎಂಟು ದಿನಕ್ಕೆ ತಂಗವೇಲು ಮಗ್ಗದಲ್ಲೇ ಕುಸಿದ. ಪಾರ್ಶ್ವವಾಯು.

"ಎಡಗಾಲು ಮೊದಲೇ ಸೋತಿರಬೇಕು. ಯಾರಿಗೂ ಹೇಳಿರಲಿಲ್ವಾ?" ಎಂದರು ಡಾಕ್ಟರು.

ಆಗ ಹೊಳೆಯಿತು ಅವಳಿಗೆ, ಆ ತಡವಾದ ಏಟು ಯಾಕೆಂದು. "ಇಲ್ಲ, ಯಾರಿಗೂ ಹೇಳಿಲ್ಲ" ಎಂದಳು.

ಮೂರನೇ ದಿನ ಅಪ್ಪ ಹೋದ. ಅಯ್ಯೋ, ಅವಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಹೊತ್ತುಕೊಂಡಾದರೂ ಓಡುತ್ತಿರಲಿಲ್ಲವೇ? ಬಾಯಿಗೇನು ಬೀಗ ಹಾಕಿಕೊಂಡಿದ್ದನೇ? ಆ ಹಾಡನ್ನು ಮತ್ತೆ ಬಾರಿಸಲೇ ಇಲ್ಲ.

ಆರು ತಿಂಗಳಾದ ಮೇಲೆ ತಿರುಪ್ಪೂರಿನಲ್ಲೊಂದು ಕಾರ್ಯಕ್ರಮ ಬಂತು. ಭೂಪತಿ ಪಟ್ಟು ಹಿಡಿದ: "ಅಪ್ಪನ ತಾಳ ನೀನು ಬಾರಿಸದೆ ಯಾರು ಬಾರಿಸ್ತಾರೆ? ಮೊದಲು ಮಗ್ಗದ ಸದ್ದು ಬರಲಿ, ಆಮೇಲೆ ನಾವು." ಒಪ್ಪಿದಳು. ಅಭ್ಯಾಸದ ಕೋಣೆಯಲ್ಲಿ, ಅವಳ ಹಳೇ ಫೋನಿನಲ್ಲಿ ಕತ್ತರಿಸದೆ ಉಳಿದಿದ್ದ ಮೂಲವನ್ನೇ ಸ್ಪೀಕರಿಗೆ ಹಾಕಿದ.

ಮಗ್ಗ ಓಡಿತು, ಓಡಿತು, ನಿಂತಿತು. ಅಪ್ಪನ ದನಿ.

"ನಿತ್ಯಾ... ಎಡಗಾಲು ನನ್ನ ಮಾತು ಕೇಳ್ತಿಲ್ಲ, ಕಂದಾ. ಸ್ವಲ್ಪ ಬಂದು ನೋಡ್ತೀಯಾ?"

ದೂರದಲ್ಲಿ ಬಕೆಟ್ಟಿನ ಸದ್ದು: ಮೂರು ಏಟು ಸರಿ, ನಾಲ್ಕನೆಯದು ತಡ.

"ಇರ್ಲಿ," ಅಂದ ಅಪ್ಪ, ತನಗೆ ತಾನೇ. "ಮಗು ಬಾರಿಸ್ತಾ ಇದೆ." ಲಾಳಿ ಮತ್ತೆ ಓಡಿತು.

ನಿತ್ಯಾ ಕೋಲು ಕೆಳಗಿಟ್ಟಳು. "ಹೇಳಿದ್ದ, ಭೂಪತಿ," ಎಂದಳು. "ಅಪ್ಪ ನನಗೆ ಹೇಳಿದ್ದ."